ಬೀಳ್ಕೊಡುಗೆಯ ಗೌನು

"ಉಸಿರು ಹಿಡ್ಕೋ," ಎನ್ನುತ್ತ ನೆಟ್ಟಿ ಅಕ್ಕನ ಬೆನ್ನ ಮೇಲಿನ ಜಿಪ್ ಎಳೆದಳು. ಅರ್ಧಕ್ಕೆ ಬಂದ ಜಿಪ್ ಅಲ್ಲೇ ಹಟ ಹಿಡಿದು ನಿಂತಿತು. "ಗಂಡನ ಮಣ್ಣಿಗೆ ಯಾರಾದ್ರೂ ಹಸಿರು ಗೌನು ಹಾಕ್ತಾರೇನೇ, ಡೋರಿ? ಮೇಲೆ ನನ್ನ ಕಪ್ಪು ಕೋಟಾದ್ರೂ ಹಾಕ್ಕೋ."

ಡೋರಿನ್‌ಗೆ ಕೇಳಿಸಲಿಲ್ಲ. ತಂಗಿ ಬಲಗಡೆ ನಿಂತಿದ್ದಳು. ಆ ಕಿವಿ ಚಿಕ್ಕಂದಿನಲ್ಲೇ ಹೋಗಿತ್ತು. ನೆಟ್ಟಿ ಎಡಕ್ಕೆ ಬಂದು ಮತ್ತೆ ಹೇಳಿದಳು.

"ಪಿನ್ನು ಹಾಕು, ಸಾಕು."

ಅವರಿದ್ದ, ಚರ್ಚಿನ ಪಕ್ಕದ ಕೋಣೆಯ ಬಾಗಿಲು ಅರೆ ತೆರೆದಿತ್ತು. ಆಚೆ ಕಪ್ಪು ಕೋಟಿನವರು ಗುಂಪುಗೂಡಿದ್ದರು. ಎಲ್ಲರೂ ಒಂದು ಕಾಲಕ್ಕೆ ಶ್ವೇತಭವನದಲ್ಲಿ ಅಧ್ಯಕ್ಷರ ಸಲಹೆಗಾರರು, ಈಗ ಮಾಜಿಗಳು. ಬಿಟ್ಟುಹೋದವರ ಜಾಗಕ್ಕೆ ಬೇರೆಯವರನ್ನು ಹುಡುಕಿ ಕೂರಿಸುವುದು ಡೋರಿನಳ ಗಂಡ ಎಲ್ಡನ್‌ನ ಕೆಲಸವಾಗಿತ್ತು. ಹೋದ ಶುಕ್ರವಾರ ಅದೇ ಕೆಲಸದ ನಡುವೆ, ಮೇಜಿನ ಮೇಲೆ ತಲೆಯಿಟ್ಟವನು ಏಳಲಿಲ್ಲ.

"ನಾನಿದ್ದದ್ದು ಹನ್ನೊಂದೇ ದಿನ," ಎನ್ನುತ್ತಿದ್ದ ಕಾರ್ವರ್ ಎಂಬ ಮಾಜಿ. "ನನ್ನ ಬೀಳ್ಕೊಡುಗೆ ಕೇಕು ನನಗಿಂತ ಹೆಚ್ಚು ದಿನ ಬಾಳ್ತು."

"ನಿನ್ನ ಜಾಗಕ್ಕೆ ಬಂದೋನು ಒಂಬತ್ತು ವಾರ ಇದ್ದ. ಅವನ ಜಾಗಕ್ಕೆ ಬಂದೋಳು ಅಗೋ, ಮೂರನೇ ಸಾಲಲ್ಲಿ," ಎಂದ ಇನ್ನೊಬ್ಬ.

"ಗೂಟ ಹೊಡ್ಕೊಂಡು ಕೂತಿದ್ದೋನು ಎಲ್ಡನ್ ಒಬ್ಬನೇ. ಊರಿಗೆಲ್ಲ ಬದಲಿ ಹುಡುಕಿದ, ತನಗೊಬ್ಬ ಸಿಗಲಿಲ್ಲ," ಎಂದ ಮತ್ತೊಬ್ಬ.

"ಹುಡುಕಿದ್ದರೆ ತಾನೆ? ಹೋಗೋ ಮನಸ್ಸೇ ಇರಲಿಲ್ಲ ಅವನಿಗೆ," ಎಂದ ಕಾರ್ವರ್.

ಅಕ್ಕ ಮಿಸುಕಿದ್ದು ಕಂಡು, ಪಿನ್ನು ಚುಚ್ಚಿತೇನೋ ಎಂದು ನೆಟ್ಟಿ ಕೈ ತಡೆದಳು. ಪಿನ್ನು ಚುಚ್ಚಿರಲಿಲ್ಲ. ಡೋರಿನ್ ತಂಗಿಯ ಕಪ್ಪು ಕೋಟನ್ನು ಗೌನಿನ ಮೇಲೆ ಹಾಕಿಕೊಂಡಳು.

* * *

ಕೆಲಸಕ್ಕೆ ಸೇರಿದ ವರ್ಷ ಗೌನು ಕೊಳ್ಳಲು ಹೇಳಿದವನು ಎಲ್ಡನ್ನೇ. ಕೆಲಸ ಬಿಡುವವರು ಕೊನೆಯ ದಿನ ಮನೆಯವರನ್ನು ಕರೆತಂದು, ಅಧ್ಯಕ್ಷರ ಕೋಣೆಯಲ್ಲಿ ಫೋಟೋ ತೆಗೆಸಿಕೊಳ್ಳುವುದು ಅಲ್ಲಿಯ ಪದ್ಧತಿ.

"ಹೆಚ್ಚಂದ್ರೆ ಒಂದೂವರೆ ವರ್ಷ ಕಣೇ. ಅದಕ್ಕಿಂತ ಜಾಸ್ತಿ ಅಲ್ಲಿ ಯಾರೂ ತಾಳಲ್ಲ. ಆಮೇಲೆ ದಿನಾ ಬೆಳಿಗ್ಗೆ ತಿಂಡಿ ನಾನೇ ಮಾಡ್ತೀನಿ. ಸೀದುಹೋದ್ರೂ ತಿನ್ಬೇಕು."

ಆರು ವಸಂತ ಬಂದವು. ಪ್ರತಿ ಸಲ ಅವಳು ಗೌನು ತೆಗೆದು ಇಸ್ತ್ರಿ ಮಾಡುತ್ತಿದ್ದಳು. ಪ್ರತಿ ಸಲ ಯಾರೋ ರಾಜೀನಾಮೆ ಬಿಸಾಕಿ ಹೋಗುತ್ತಿದ್ದರು. "ಇದೊಂದು ಜಾಗಕ್ಕೆ ಯಾರನ್ನಾದ್ರೂ ಕೂರಿಸಿ ಬಂದ್ಬಿಡ್ತೀನಿ," ಎನ್ನುತ್ತಿದ್ದ ಎಲ್ಡನ್, ಫೋನಿನಿಂದ ತಲೆ ಎತ್ತದೆ. ಎರಡು ಸಲ ದರ್ಜಿ ಗೌನಿನ ಹೊಲಿಗೆ ಬಿಚ್ಚಿ ಅಗಲ ಮಾಡಿಕೊಟ್ಟಿದ್ದ. ಅದರ ಬಣ್ಣವಾದರೂ ಗಂಡನಿಗೆ ಗೊತ್ತಿದೆಯೋ ಇಲ್ಲವೋ ಎಂದು ಅವಳಿಗೆ ಅನುಮಾನವಿತ್ತು. ಈ ವಸಂತದಲ್ಲಿ, ಕೆಲಸ ಯಾವಾಗ ಬಿಡುವುದೆಂದು ಅವಳು ಕೇಳಲಿಲ್ಲ. ಅವನೂ ಹೇಳಲಿಲ್ಲ.

* * *

ಪ್ರಾರ್ಥನೆ ಮುಗಿದ ಮೇಲೆ, ಕೊರಳಲ್ಲಿ ಕ್ಯಾಮೆರಾ ಇಲ್ಲದ ಛಾಯಾಗ್ರಾಹಕಿ ಇನೆಸ್ ಹತ್ತಿರ ಬಂದಳು. ಅಧ್ಯಕ್ಷರ ಕೋಣೆಯ ಫೋಟೋಗಳೆಲ್ಲ ಅವಳವೇ. ಮಡಿಚಿದ ಹಾಳೆಯೊಂದನ್ನು ಚಾಚಿದಳು.

"ಫೋಟೋಗೆ ದಿನ ಕೇಳೋ ಅರ್ಜಿ, ಮೇಡಂ. ಪ್ರತಿ ವರ್ಷ ಎಲ್ಡನ್ ಸರ್ ಬಂದು ಒಂದು ದಿನ ಬರೀತಿದ್ರು, ಆಮೇಲೆ ಬಂದು ಹೊಡೆದು ಹಾಕ್ತಿದ್ರು. ಹೊಸ ಅರ್ಜಿ ತಗೊಳ್ಳಿ ಅಂದ್ರೆ, ಇದೇ ಇರಲಿ ಅಂತಿದ್ರು."

ಆರು ತಾರೀಖು. ಆರಕ್ಕೂ ಗೀಟು.

"ಕೊನೇದೂ ಹೊಡೆದಿದಾರಾ?" ಎಂದಳು ಡೋರಿನ್.

"ಅವರು ಹೋಗೋಕೆ ನಾಲ್ಕು ದಿನ ಮುಂಚೆ, ಸೋಮವಾರ."

ಡೋರಿನ್ ಹಾಳೆಯನ್ನು ಬೆಳಕಿಗೆ ಹಿಡಿದಳು. ಕೆಳಗೆ, ವಿಶೇಷ ಸೂಚನೆಯ ಜಾಗದಲ್ಲಿ, ಗೀಟಿಲ್ಲದ ಮೂರು ಸಾಲು ಇತ್ತು. ಮೊದಲ ವರ್ಷದ ಶಾಯಿ ಮಾಸಿತ್ತು.

'ಹೆಂಡತಿ ಹಸಿರು ಗೌನಿನಲ್ಲಿ ಬರುತ್ತಾಳೆ. ನನ್ನನ್ನು ಅವಳ ಎಡಕ್ಕೇ ನಿಲ್ಲಿಸಿ, ಬಲಗಿವಿ ಕೇಳಿಸುವುದಿಲ್ಲ. ನಗು ಅಂತ ನಾನೇ ಹೇಳುತ್ತೇನೆ.'

ಅವಳು ಹಾಳೆಯನ್ನು ಅದರ ಹಳೆಯ ಮಡಿಕೆಯಲ್ಲೇ ಮಡಿಚಿದಳು.

ಸಮಾಧಿಯ ಹತ್ತಿರ ಮಾಜಿಗಳು ಅರ್ಧಚಂದ್ರಾಕಾರವಾಗಿ ನಿಂತರು. ಗಾಳಿ ಬೀಸುತ್ತಿತ್ತು. ನೆಟ್ಟಿ ಬಂದು ಅಕ್ಕನ ಎಡಗೈ ಹಿಡಿದುಕೊಂಡಳು.

"ಈ ಕಡೆ ಬಾ," ಎಂದು ಡೋರಿನ್ ಅವಳನ್ನು ಬಲಕ್ಕೆ ಕರೆದುಕೊಂಡಳು.

"ಅಲ್ಲಿಂದ ನಾನು ಹೇಳಿದ್ದು ನಿನಗೆ ಕೇಳಿಸಲ್ವಲ್ಲೇ."

"ಪರವಾಗಿಲ್ಲ."

ಎಡಗಡೆ ಹುಲ್ಲಿನ ಮೇಲೆ ಒಬ್ಬರು ನಿಲ್ಲುವಷ್ಟು ಜಾಗ ಖಾಲಿ ಉಳಿಯಿತು. ಪೆಟ್ಟಿಗೆ ಇಳಿಯತೊಡಗಿತು. ಡೋರಿನ್ ಕಪ್ಪು ಕೋಟು ಕಳಚಿ ತಂಗಿಯ ಕೈಗೆ ಕೊಟ್ಟಳು. ಹಸಿರು ಗೌನನ್ನು ಸರಿಮಾಡಿಕೊಂಡು, ತಲೆಯನ್ನು ತುಸು ಎಡಕ್ಕೆ ವಾಲಿಸಿ, ನೇರ ಎದುರಿಗೆ ನೋಡುತ್ತ ನಿಂತಳು.