ಮಂಚದ ಕಾಲಿಗೆ ಇಟ್ಟ ಕಿವಿ

ಚರ್ಚಿನ ಗಂಟೆ ಬಾರಿಸುವ ಕೆಲಸ ಅವಳದಾದ್ದರಿಂದ ಎಲ್ಲರ ಬಾಯಲ್ಲೂ ಅವಳು ಗಂಟೆಯಮ್ಮ. ಸೊಂಟದ ಮೂಳೆ ಮುರಿದುಕೊಂಡಿದ್ದ ಅತ್ತೆ ನಾಳೆ ಆಸ್ಪತ್ರೆಯಿಂದ ಮನೆಗೆ ಬರುವವರಿದ್ದರು. ನೆಲದ ಮೇಲೆ ಮಲಗಿಸುವ ಹಾಗೇ ಇಲ್ಲ, ಎತ್ತರದ ಮಂಚ ಬೇಕೇ ಬೇಕು ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಔಷಧಿಗೆ ಕೊಟ್ಟು ಉಳಿದದ್ದು ಪರ್ಸಿನ ತಳ ಮುಚ್ಚುವಷ್ಟು. ಬೆಳಿಗ್ಗೆ ಹೊರಡುವ ಮುಂಚೆ ಗಂಟೆಯಮ್ಮ ಮಂಡಿಯೂರಿ, “ಕರ್ತನೇ, ಬೆಲೆ ಒಂದಿಷ್ಟು ಇಳಿಸಿಕೊಡು” ಎಂದು ಬೇಡಿಕೊಂಡಿದ್ದಳು. ಇರಲಿ ಅಂತ ನಾದಿನಿಯನ್ನೂ ಕರೆತಂದಿದ್ದಳು. ಆ ನಾದಿನಿ ಚೌಕಾಸಿಗೆ ನಿಂತಳೆಂದರೆ ಅಂಗಡಿಯವರು ಬಾಗಿಲು ಹಾಕಿಕೊಳ್ಳಬೇಕು, ಅಂಥ ಬಾಯಿ.

ಬಡಗಿಯ ಶೆಡ್ಡಿನಲ್ಲಿ ಮಂಚ ಇದ್ದದ್ದು ಒಂದೇ. ಎತ್ತರದ ಕಾಲು, ತಲೆಯ ಕಡೆ ಬಳ್ಳಿಯ ಕೆತ್ತನೆ. ಅತ್ತೆಗೆಂದೇ ಅಳತೆ ಕೊಟ್ಟು ಮಾಡಿಸಿದಂತಿತ್ತು. ಬೆಲೆ ಮಾತ್ರ ಎಟುಕುವಂತಿರಲಿಲ್ಲ.

ನಾದಿನಿ ಮಂಚದ ಕಾಲಿನ ಮೇಲೆ ಉಗುರಾಡಿಸಿ ಮೂಗು ಮುರಿದಳು.

“ಹುಳ ಹಿಡಿದಿದೆಯಲ್ಲಣ್ಣ ಇದಕ್ಕೆ! ನೋಡು, ಪುಡಿ ಹೆಂಗೆ ಉದುರ್ತಿದೆ.”

ಉದುರಿದ್ದು ಉಜ್ಜಿದ ಮರದ ಧೂಳು. ಗಂಟೆಯಮ್ಮನಿಗೆ ಅದು ಗೊತ್ತಾಯಿತು. ಆದರೂ ತುಟಿ ಬಿಚ್ಚಲಿಲ್ಲ. ವ್ಯಾಪಾರದಲ್ಲಿ ಇವಳೊಂದು ಹೇಳುವುದು, ಅವನೊಂದು ಹೇಳುವುದು ಇದ್ದದ್ದೇ.

ಆದರೆ ಬಡಗಿ ಚೌಕಾಸಿಗೆ ಇಳಿಯಲಿಲ್ಲ. ಮುಖದ ರಕ್ತವೆಲ್ಲ ಇಳಿದುಹೋಯಿತು. ನೆಲಕ್ಕೆ ಕೂತು, ಒಳಗೆ ಹುಳ ಕೊರೆಯುವ ಸದ್ದಿದೆಯೇ ಎಂದು ಮಂಚದ ಕಾಲಿಗೆ ಕಿವಿ ಹಚ್ಚಿದ.

“ಹೋದ ವರ್ಷ ಹುಳ ತಿಂದ ಮರದಲ್ಲಿ ತೊಟ್ಟಿಲು ಮಾಡಿಕೊಟ್ಟೆ. ತಳ ಕಳಚಿ ಬಿತ್ತು. ಕೂಸಿಗೆ ಏನೂ ಆಗ್ಲಿಲ್ಲ, ಪುಣ್ಯ,” ಎಂದ. ಎದ್ದವನೇ, “ಸೌದೆ ಬೆಲೆಗೆ ಒಯ್ಯೋದಾದ್ರೆ ಒಯ್ಯಿ ತಾಯಿ. ಒಲೆಗೆ. ಇದರ ಮೇಲೆ ಮಾತ್ರ ಯಾರನ್ನೂ ಮಲಗಿಸಬೇಡಿ,” ಎಂದ.

ನಾದಿನಿ ಅತ್ತಿಗೆಯ ಮೊಣಕೈ ತಿವಿದಳು. “ಪ್ರಾರ್ಥನೆ ಮುಟ್ಟಿತು ನೋಡು. ದುಡ್ಡು ತೆಗಿ, ಬೇಗ!”

ಗಂಟೆಯಮ್ಮನ ಕೈ ಪರ್ಸಿನ ಮೇಲೆಯೇ ಉಳಿಯಿತು. ಬೇಡಿದ್ದು ಸಿಕ್ಕಿತ್ತು. ಆದರೆ ಕೊಟ್ಟ ಕೈ ಯಾರದು?

ಅಷ್ಟರಲ್ಲಿ ಬಡಗಿ ಹೆಂಡತಿಯನ್ನು ಕೂಗಿದ. “ಏ, ಈ ಮಂಚಕ್ಕೆ ಕೊಯ್ದ ದಿಮ್ಮಿಯ ಹಲಗೆ ಅಷ್ಟೂ ಅಂಗಳಕ್ಕೆ ಎಳಿ! ಉಳಿದ ಮರಕ್ಕೆ ಹಬ್ಬೋ ಮುಂಚೆ ಸುಟ್ಟುಬಿಡೋಣ.” ಅವಳು ಏನು ಎತ್ತ ಎಂದು ಕೇಳದೆ ಎಳೆಯತೊಡಗಿದಳು. ಅವನು ಗೂಡಿನಿಂದ ಸೀಮೆಎಣ್ಣೆ ಡಬ್ಬಿ ಇಳಿಸಿದ.

ನಿಜ ಹೇಳಿದರೆ ಬೆಲೆ ಮೊದಲಿದ್ದಲ್ಲಿಗೇ ಹತ್ತುತ್ತದೆ, ಅತ್ತೆಗೆ ನೆಲವೇ ಗತಿ. ಹೇಳದಿದ್ದರೆ? ಗಂಟೆಯಮ್ಮ ಅವನಿಗೆ ಅಡ್ಡ ಬಂದಳು.

“ಡಬ್ಬಿ ಕೆಳಗಿಡಣ್ಣ. ಹುಳ ಇಲ್ಲ. ಬೆಲೆ ಇಳಿಸೋಕೆ ಅಂದ ಮಾತು ಅದು. ನಾನೂ ಸುಮ್ಮನಿದ್ದೆ.”

ಹಲಗೆ ಎಳೆಯುವ ಸದ್ದು ನಿಂತಿತು. ಬಡಗಿ ಇಬ್ಬರನ್ನೂ ನುಂಗುವಂತೆ ನೋಡಿದ.

“ಮೊದಲು ಹೇಳಿದ್ದೇ ಬೆಲೆ. ಒಂದು ಕಾಸೂ ಇಳಿಯಲ್ಲ. ನಡೀರಿ.”

“ಸರಿಯೇ,” ಎಂದಳು ಗಂಟೆಯಮ್ಮ. ಕದಲಲಿಲ್ಲ. ಪರ್ಸನ್ನು ಮಂಚದ ಮೇಲೆ ಬೋರಲು ಹಾಕಿದಳು. “ಇರೋದು ಇಷ್ಟೇ. ನಾಳೆ ಅತ್ತೆ ಬರ್ತಾರೆ, ಸೊಂಟ ಮುರಿದಿದೆ. ಕೆತ್ತನೆ ನನಗೆ ಬೇಡ, ಬಿಚ್ಚಿಕೋ, ಇನ್ನೊಂದಕ್ಕೆ ಆಗುತ್ತೆ. ಪಾಲಿಶೂ ಬೇಡ. ಹೊರೋದೂ ನಾವೇ. ಆಗ ಎಷ್ಟಾಗುತ್ತೆ, ನೀನೇ ಹೇಳು. ಆಗದಿದ್ರೆ ಹೋಗ್ತೀನಿ, ಬೇಜಾರಿಲ್ಲ.”

ಅವನು ನೋಟುಗಳನ್ನಲ್ಲ, ಅವಳ ಮುಖವನ್ನು ನೋಡಿದ.

“ಎಲ್ಲಾ ಸುರಿದೆಯಲ್ಲ, ಬಸ್ಸಿಗೆ?”

“ನಡೀತೀವಿ.”

“ನಡೀತೀವಾ!” ನಾದಿನಿ ಕಿರುಚಿದಳು.

ಬಡಗಿಯ ಹೆಂಡತಿಗೆ ನಗು ತಡೆಯಲಾಗಲಿಲ್ಲ. ಬಡಗಿ ನಗಲಿಲ್ಲ. ಕೆತ್ತನೆಯ ಸ್ಕ್ರೂ ಬಿಚ್ಚಲು ಕೂತ.

ಮಂಚದ ಒಂದು ತುದಿ ಹೊತ್ತ ನಾದಿನಿ ಗೇಟು ದಾಟುವವರೆಗೂ ಗೊಣಗಿದಳು. “ಇನ್ನು ಪ್ರಾರ್ಥನೆ ಮಾಡಿ ಹೊರಟ ದಿನ ನನ್ನ ಕರೀಬೇಡ ಅತ್ತಿಗೆ, ಕೈಮುಗೀತೀನಿ.” ಉಸಿರು ತೆಗೆದುಕೊಳ್ಳಲು ಮಂಚ ಇಳಿಸಿ ಹಿಂದಿರುಗಿ ನೋಡಿದವಳು ಹಾಗೇ ನಿಂತಳು.

ಅಂಗಳದಲ್ಲಿ ಬಡಗಿ ಒಂದೊಂದೇ ಹಲಗೆಗೆ ಬೆರಳು ಬಡಿಯುತ್ತ, ಕಿವಿ ಹಚ್ಚಿ ಕೇಳುತ್ತಿದ್ದ.

“ಅಣ್ಣಾ!” ನಾದಿನಿಯ ದನಿ ಒಡೆಯಿತು. “ಹುಳ ಇಲ್ಲ! ನಾನೇ ಸುಳ್ಳು ಹೇಳಿದ್ದು!”

“ಗೊತ್ತಮ್ಮ,” ಎಂದ ಅವನು, ಕಿವಿ ತೆಗೆಯದೆ. ಆಮೇಲೆ ಮುಂದಿನ ಹಲಗೆಯ ಕಡೆ ಸರಿದ.