ಸ್ವಂತ ಕೆಲಸ

“ಕಕ್ಕಸು ತೊಳೆಯೋ ಮುಂಡೇದಕ್ಕೆ ಇಮೇಲ್ ಬೇರೆ ಕೇಡು! ಯಾವಳೇ ನಿಂಗೆ ಆಫೀಸ್ ಕಂಪ್ಯೂಟರ್ ಮುಟ್ಟು ಅಂದಿದ್ದು?”

ಸೊಸೈಟಿ ಸೆಕ್ರೆಟರಿ ಸುಂದರೇಶ್ ಕೂಗಿದ್ದಕ್ಕೆ ಗೊಬ್ಬರದ ಕೌಂಟರ್ ಮುಂದೆ ನಿಂತವರೆಲ್ಲ ತಿರುಗಿ ನೋಡಿದರು. ಕಸ ಗುಡಿಸುವ ವನಜಮ್ಮ ಪೊರಕೆ ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿದ್ದಳು. ಸೊಸೈಟಿಯ ಸಂಬಳದಲ್ಲಿ ಸೆಕ್ರೆಟರಿ ತನ್ನ ಹೋಂಸ್ಟೇಯ ಕಕ್ಕಸು ತೊಳೆಸುತ್ತಾನೆ ಅಂತ ಅವಳು ಕಾರ್ಮಿಕ ಇಲಾಖೆಗೆ ದೂರು ಕೊಟ್ಟಿದ್ದಳು. ದೂರು ಬಂದಿದೆ, ವಿಚಾರಣೆ ಮಾಡುತ್ತೇವೆ ಅಂತ ಇಲಾಖೆ ಉತ್ತರ ಬರೆದಿತ್ತು. ಆದರೆ ದೂರು ಹೋಗಿದ್ದು ಸೊಸೈಟಿಯ ಮೇಲ್‌ನಿಂದಲೇ. ಹಾಗಾಗಿ ಉತ್ತರವೂ ನೇರವಾಗಿ ಸೆಕ್ರೆಟರಿಯ ಮೂಗಿನ ಕೆಳಗೆ ಬಂದು ಬಿದ್ದಿತ್ತು.

ಕಂಪ್ಯೂಟರ್ ಮುಂದೆ ಕೂತಿದ್ದ ಟೈಪಿಸ್ಟ್ ದಾಕ್ಷಾಯಿಣಿ ಕೀಬೋರ್ಡಿನಿಂದ ಕೈ ತೆಗೆದಳು. ಕಳಿಸಿದವಳು ಅವಳೇ. ವನಜಮ್ಮನಿಗೆ ಬರುವುದು ಸಹಿಯೊಂದೇ. ಅವಳು ಹೇಳಿದ್ದನ್ನು ದಾಕ್ಷಾಯಿಣಿ ಊಟದ ಹೊತ್ತಿನಲ್ಲಿ ಟೈಪ್ ಮಾಡಿ ಕಳಿಸಿಬಿಟ್ಟಿದ್ದಳು. ಯಾವ ಮೇಲ್‌ನಿಂದ ಹೋಗುತ್ತಿದೆ ಅನ್ನುವುದು ತಲೆಗೇ ಬಂದಿರಲಿಲ್ಲ. ಬರುವುದಾದರೂ ಹೇಗೆ? ಆ ಆಫೀಸಿನಲ್ಲಿ ಎಲ್ಲರ ಎಲ್ಲವೂ ಅದೇ ಒಂದು ಮೇಲ್‌ನಲ್ಲಿ. ಅಧ್ಯಕ್ಷರ ಮಗಳ ಜಾತಕ ಗಂಡಿನ ಕಡೆಗೆ ಹೋಗುವುದು ಅಲ್ಲಿಂದ. ಶೃಂಗೇರಿಗೆ ಬರುವ ಭಕ್ತರು ಸುಂದರೇಶನ ಹೋಂಸ್ಟೇಯಲ್ಲಿ ರೂಮು ಕೇಳುವುದೂ ಅಲ್ಲಿಗೇ. ಅವರಿಗೆಲ್ಲ ಉತ್ತರ ಬರೆಯುವುದರಲ್ಲೇ ದಾಕ್ಷಾಯಿಣಿಯ ಅರ್ಧ ದಿನ ಹೋಗುತ್ತಿತ್ತು. ಅದನ್ನು ಮಾತ್ರ ಯಾರೂ ಸ್ವಂತ ಕೆಲಸ ಅಂತ ಕರೆದಿರಲಿಲ್ಲ.

“ಬೊಗಳೇ, ಯಾರು ಕಳ್ಸಿದ್ದು?”

ವನಜಮ್ಮ ಒಂದು ಸಲ ದಾಕ್ಷಾಯಿಣಿಯ ಕಡೆ ನೋಡಿದಳು. ದಾಕ್ಷಾಯಿಣಿ ತಲೆ ತಗ್ಗಿಸಿದಳು. ಅವಳದ್ದು ಕಾಂಟ್ರಾಕ್ಟ್ ಕೆಲಸ. ನಾನೇ ಅಂದರೆ ನಾಳೆಯಿಂದ ಮನೆಯೇ ಗತಿ.

“ನಾನೇ ಒಡೇರೇ,” ಅಂದಳು ವನಜಮ್ಮ. “ನಾನೇ ಒತ್ತಿದ್ದು.”

“ನೀನು ಒತ್ತಿದ್ದಾ? ಥೂ! ದಾಕ್ಷಾಯಿಣಿ, ಆ ಕೀಬೋರ್ಡ್ ಒರೆಸು ಮೊದ್ಲು. ಡೆಟಾಲ್ ಹಾಕಿ ಒರೆಸು.”

“ದಿನಾ ಬೆಳಿಗ್ಗೆ ಅದನ್ನ ಒರ್ಸೋಳು ನಾನೇ ಅಲ್ದಾ ಒಡೇರೇ?”

ಕೌಂಟರ್ ಹತ್ತಿರ ಯಾರೋ ಕಿಸಕ್ಕೆಂದರು. ಸುಂದರೇಶನ ಮುಖ ಕಪ್ಪಿಟ್ಟಿತು.

“ನಾಲಿಗೆ ಉದ್ದ ಆಗಿದೆಯಲ್ಲೇ ಬೋಳಿಮಗಳೆ! ನಡಿ ಆಚೆ. ಇನ್ನು ಇತ್ಲಾಗೆ ತಲೆ ಹಾಕಿದ್ರೆ ಕಾಲು ಮುರೀತೀನಿ.”

ವನಜಮ್ಮ ಪೊರಕೆಯನ್ನು ಮೂಲೆಗಿಟ್ಟು, ತನ್ನ ಬುತ್ತಿಚೀಲ ತೆಗೆದುಕೊಂಡು ಮೆಟ್ಟಿಲಿಳಿದಳು. ದಾಕ್ಷಾಯಿಣಿ ಡೆಟಾಲ್ ಬಟ್ಟೆ ಹಿಡಿದು ಕೀಬೋರ್ಡ್ ಒರೆಸುತ್ತಿದ್ದಳು. ಹೌದು, ಒರೆಸುತ್ತಿದ್ದಳು. ಆ ಚೀಲದಿಂದ ವನಜಮ್ಮ ಎಷ್ಟೋ ಸಲ ಪತ್ರೊಡೆ ತೆಗೆದು ಕೊಡಲು ಬಂದಿದ್ದಳು. ಆಗೆಲ್ಲ ದಾಕ್ಷಾಯಿಣಿ, ಇವತ್ತು ಸೋಮವಾರ, ನಮ್ಮನೇಲಿ ಉಪವಾಸ ಅನ್ನುತ್ತಿದ್ದಳು. ವಾರ ಯಾವುದಾದರೂ ಅವಳಿಗೆ ಸೋಮವಾರವೇ. ಗೋಡೆಯ ಮೇಲೆ ಕ್ಯಾಲೆಂಡರ್ ತೂಗುತ್ತಿದ್ದರೂ ವನಜಮ್ಮ ಒಂದು ದಿನವೂ ಅದರ ಕಡೆ ಕೈ ತೋರಿಸಿರಲಿಲ್ಲ. ದಾಕ್ಷಾಯಿಣಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

“ಟೈಪ್ ಮಾಡು,” ಅಂದ ಸುಂದರೇಶ್. “ಕಚೇರಿಯ ಕಂಪ್ಯೂಟರನ್ನು ಸ್ವಂತ ಕೆಲಸಕ್ಕೆ ಬಳಸಿದ್ದರಿಂದ ವನಜಮ್ಮ ಎಂಬುವರನ್ನು ಕೆಲಸದಿಂದ ತೆಗೆಯಲಾಗಿದೆ. ಹಾಂ, ಅದಕ್ಕೂ ಮುಂಚೆ ಆ ಹುಬ್ಳಿ ಪಾರ್ಟಿಗೆ ಗೀಸರ್ ಇದೆ ಅಂತ ಒಂದು ಮೇಲ್ ಹಾಕು. ಬೆಳಿಗ್ಗೆಯಿಂದ ಕೇಳ್ತಾ ಇದಾರೆ.”

ದಾಕ್ಷಾಯಿಣಿ ಗೀಸರ್ ಇದೆ ಅಂತ ಬರೆದು ಕಳಿಸಿದಳು. ಆಮೇಲೆ ಆದೇಶಕ್ಕೆ ಕೈ ಹಾಕಿದಳು. ಹೆಸರು ಬರೆಯುವ ಜಾಗಕ್ಕೆ ಬಂದಾಗ ಬೆರಳು ಮುಂದೆ ಹೋಗಲಿಲ್ಲ.

“ಸರ್, ಅದನ್ನ ಕಳ್ಸಿದ್ದು ನಾನು.”

ಸುಂದರೇಶ್ ಫೋನಿನಿಂದ ತಲೆ ಎತ್ತಲಿಲ್ಲ. “ಗೊತ್ತು ಮಾರಾಯ್ತಿ. ಅವಳಿಗೆ ಅ ಆ ಬರ್ತದಾ? ನಿನ್ನ ಕಳ್ಸಿದ್ರೆ ಹೋಂಸ್ಟೇದು ನೋಡೋರ್ಯಾರು? ಕಸ ಹೊಡಿಯಕ್ಕೆ ಇನ್ನೊಬ್ಳು ಸಿಗ್ತಾಳೆ. ಟೈಪ್ ಮಾಡು, ಮಾಡು.”

ಕಪಾಳಕ್ಕೆ ಹೊಡೆದ ಹಾಗಾಯಿತು. ಆಗಲೇ ಬಾಯಿ ಬಿಟ್ಟಿದ್ದರೂ ತನ್ನ ಕೆಲಸ ಹೋಗುತ್ತಿರಲಿಲ್ಲ. ಬರೀ ಹೆದರಿಕೆಗೆ ಇನ್ನೊಬ್ಬಳ ಅನ್ನ ಕಿತ್ತುಕೊಂಡಿದ್ದಳು. ವನಜಮ್ಮ ಇಷ್ಟು ಹೊತ್ತಿಗೆ ತನ್ನೂರು ಹಿರೇಕೊಡಿಗೆಯ ಬಸ್ಸು ಹತ್ತಿರಬೇಕು. ಓಡಿಹೋಗಿ ನಿಲ್ಲಿಸಿದರೂ ಯಾವ ಮುಖ ಇಟ್ಟುಕೊಂಡು ಏನು ಹೇಳುವುದು?

ದಾಕ್ಷಾಯಿಣಿ ಆದೇಶದಲ್ಲಿ ಬರೆದದ್ದನ್ನೆಲ್ಲ ಅಳಿಸಿದಳು. ಸೊಸೈಟಿಯ ಮೇಲ್ ಶುರುಮಾಡಿದವಳೂ ಅವಳೇ, ಅದಕ್ಕೆ ಕೊಟ್ಟ ಫೋನ್ ನಂಬರೂ ಅವಳದ್ದೇ. ಪಾಸ್‌ವರ್ಡ್ ಬದಲಾಯಿಸಿದಳು, ಮೇಲ್ ಮುಚ್ಚಿದಳು, ಕೈ ಕಟ್ಟಿ ಕೂತಳು.

ಸ್ವಲ್ಪ ಹೊತ್ತಿಗೆ ಸುಂದರೇಶನಿಗೆ ಹುಬ್ಬಳ್ಳಿಯವರ ಫೋನು ಬಂತು. ಎಷ್ಟು ಜನ, ಎಷ್ಟು ರೂಮು ಎಲ್ಲ ಮೇಲ್‌ನಲ್ಲೇ ಬರೆದಿದ್ದೇವಲ್ಲ ಅಂದರು. ಅವನು ತನ್ನ ಫೋನಿನಲ್ಲಿ ಒತ್ತಿ ಒತ್ತಿ ನೋಡಿದ.

“ಏ, ಮೇಲ್ ಓಪನ್ ಆಗ್ತಿಲ್ಲ. ಎಂತ ಆಯ್ತೇ?”

“ಪಾಸ್‌ವರ್ಡ್ ಬದ್ಲಾಯ್ಸಿದೀನಿ.”

“ಯಾರನ್ನ ಕೇಳಿ? ಹೇಳು ಅದನ್ನ.”

ಅವಳು ಕುರ್ಚಿಯನ್ನು ಅವನ ಕಡೆಗೆ ತಿರುಗಿಸಿದಳು.

“ಪೊಲೀಸಿಗೆ ಹಿಡ್ಕೊಡ್ತೀನಿ ರಂಡೆ!”

“ಕೊಡಿ. ಕಂಪ್ಯೂಟರ್‌ನೂ ಜೊತೆಗೆ ಕೊಡಿ, ಯಾರ್ಯಾರ ಸ್ವಂತ ಕೆಲಸ ಎಷ್ಟೆಷ್ಟಿದೆ ಅಂತ ಅವರೂ ನೋಡ್ಲಿ.”

ಕೌಂಟರ್ ಮುಂದಿನವರು ಮಾತು ನಿಲ್ಲಿಸಿದರು. ಸುಂದರೇಶ್ ಅವರನ್ನೊಮ್ಮೆ ನೋಡಿ ದನಿ ತಗ್ಗಿಸಿದ.

“ಹಟ ಮಾಡ್ಬೇಡ ಮಾರಾಯ್ತಿ. ಪಾಸ್‌ವರ್ಡ್ ಹೇಳು.”

ಡೆಟಾಲ್ ವಾಸನೆ ಇನ್ನೂ ದಾಕ್ಷಾಯಿಣಿಯ ಬೆರಳಿಗೆ ಅಂಟಿಕೊಂಡಿತ್ತು.

“ವನಜಮ್ಮನ್ನ ಮನೆಗ್ ಹೋಗಿ ಕರ್ಕೊಂಡ್ ಬನ್ನಿ ಸರ್. ಅವ್ರ ಕಿವೀಲಿ ಹೇಳ್ತೀನಿ. ನೀವು ಅವ್ರನ್ನ ಕೇಳ್ಕೊಳಿ.”