ಅರ್ಧ ಗಂಟೆ ಮುಟ್ಟಬಾರದು

ಹನ್ನೊಂದು ಹೊಡೆಯಲು ಇನ್ನು ಮೂರು ನಿಮಿಷ ಇತ್ತು. ಮಿಲ್ಲಿನ ಹಿಂಭಾಗದ ನೀರಿನ ತೊಟ್ಟಿಯ ಕಟ್ಟೆಯ ಮೇಲೆ ನಾಲ್ಕು ಜನ ನಿಂತು, ದಪ್ಪ ಕೊಳವೆಯಿಂದ ಬೀಳುತ್ತಿದ್ದ ನೀರನ್ನೇ ನೋಡುತ್ತಿದ್ದರು. ನೀರು ಬೀಳುವುದನ್ನು ನೋಡಲು ಸಂಬಳ ಕೊಡುವ ಮಿಲ್ಲು ಇದೊಂದೇ ಇರಬೇಕು ಎಂದು ಮ್ಯಾನೇಜರ್ ಶಿವಕುಮಾರಪ್ಪ ತಮಾಷೆ ಮಾಡಿದರು. ಬೆಂಗಳೂರಿನ ಕಂಪನಿಯಿಂದ ಬಂದಿದ್ದ ಎಂಜಿನಿಯರು ನಕ್ಕ. ಹಾಜರಿ ಆಫೀಸಿನ ಗುಮಾಸ್ತ ಏಕಾಂತಪ್ಪ, ಸಾಹೇಬರು ನಕ್ಕರಲ್ಲ ಎಂದು ತಾನೂ ನಕ್ಕ. ಎಲೆಕ್ಟ್ರಿಕಲ್ ಫೋರ್‌ಮನ್ ಚಿತ್ರಲಿಂಗಪ್ಪ ಮಾತ್ರ ನಗಲಿಲ್ಲ. ಅವನ ಕಣ್ಣು ಒಮ್ಮೆ ನೀರಿನ ಕಡೆಗೆ, ಒಮ್ಮೆ ಬಾಯ್ಲರ್ ಮನೆಯ ಗೋಡೆಗೆ ತಾತ್ಕಾಲಿಕವಾಗಿ ತೂಗುಹಾಕಿದ್ದ ತಗಡಿನ ಪೆಟ್ಟಿಗೆಯ ಕಡೆಗೆ ಹೋಗುತ್ತಿತ್ತು. ಪೆಟ್ಟಿಗೆಯ ಮೇಲೆ ಹಸಿರು ದೀಪ ಉರಿಯುತ್ತಿತ್ತು.

ದುರ್ಗದಿಂದ ಹೊಳಲ್ಕೆರೆಗೆ ಹೋಗುವ ರಸ್ತೆಯಲ್ಲಿ ಊರು ದಾಟಿದ ಮೇಲೆ ಸಿಗುವ ಈ ನೂಲಿನ ಮಿಲ್ಲಿಗೆ ನೀರು ಬರುವುದು ಒಂದೂವರೆ ಮೈಲಿ ಆಚೆಯ ಕೆರೆಯಿಂದ. ಕೆರೆ ಏರಿಯ ಕೆಳಗೊಂದು ಪಂಪ್‌ಮನೆ, ಅದರೊಳಗೆ ಹನ್ನೆರಡು ವರ್ಷದಿಂದ ಬೀರಪ್ಪ. ಪಂಪು ಓಡುತ್ತಿದೆಯೋ ನಿಂತಿದೆಯೋ ಎನ್ನುವುದು ಮಿಲ್ಲಿನವರಿಗೆ ತಿಳಿಯುತ್ತಿದ್ದದ್ದು ಒಂದು ಕಂಬಳಿಯಿಂದ. ಪಂಪು ನಿಂತರೆ ಬೀರಪ್ಪ ಸುಣ್ಣ ಬಳಿದ ಗೋಡೆಯ ಮೇಲೆ ತನ್ನ ಕರಿಕಂಬಳಿ ಇಳಿಬಿಡುತ್ತಿದ್ದ. ಬಾಯ್ಲರ್ ಮನೆಯ ಮಾಳಿಗೆ ಹತ್ತಿ ನೋಡಿದರೆ ಆ ಕಪ್ಪು ಚುಕ್ಕೆ ಕಾಣುತ್ತಿತ್ತು, ಕೂಡಲೇ ಬೆಂಕಿ ತಗ್ಗಿಸುತ್ತಿದ್ದರು. ಇಷ್ಟು ವರ್ಷ ಅದೇ ನಡೆದುಕೊಂಡು ಬಂದಿತ್ತು, ಯಾರಿಗೂ ಅದರಲ್ಲಿ ಏನೂ ವಿಚಿತ್ರ ಕಂಡಿರಲಿಲ್ಲ.

ಹೋದ ಆಷಾಢದಲ್ಲಿ ಮೂರು ದಿನ ಜಡಿಮಳೆ ಹಿಡಿದಾಗ ಕಂಬಳಿಯೂ ಕಾಣಲಿಲ್ಲ, ಗೋಡೆಯೂ ಕಾಣಲಿಲ್ಲ. ಬಾಯ್ಲರಿನಲ್ಲಿ ನೀರು ತಳ ಮುಟ್ಟಿದ್ದು ಗೊತ್ತಾದಾಗ ಎಲ್ಲರ ಜೀವ ಬಾಯಿಗೆ ಬಂದಿತ್ತು. ಮಾಲೀಕರ ಅಳಿಯನಾಗಿ, ಎಂಜಿನಿಯರಿಂಗ್ ಓದಿಕೊಂಡು ಹೊಸದಾಗಿ ಬಂದಿದ್ದ ಶಿವಕುಮಾರಪ್ಪನವರು ಅವತ್ತೇ ತೀರ್ಮಾನ ಮಾಡಿದರು: ಪಂಪಿನ ಸುದ್ದಿ ತಂತಿಯ ಮೇಲೆ ಬರಬೇಕು. ತಪ್ಪೇನಿಲ್ಲ, ಚಿತ್ರಲಿಂಗಪ್ಪನಿಗೂ ಅದು ಸರಿ ಎಂದೇ ಅನ್ನಿಸಿತ್ತು. ಎರಡು ಕಂಪನಿಗಳಿಂದ ಕಾಗದ ಬಂದವು. ಬೊಂಬಾಯಿಯವರ ಯಂತ್ರ ಕೊಳವೆಯೊಳಗಿನ ನೀರನ್ನೇ ಅಳೆದು ಇಲ್ಲಿ ಮುಳ್ಳಿನಲ್ಲಿ ತೋರಿಸುತ್ತಿತ್ತು. ಆದರೆ ತೋರಿಸುವುದಷ್ಟೇ ಅದರ ಕೆಲಸ, ಪಂಪ್‌ಮನೆಯಲ್ಲಿ ಆಳು ಇರಲೇಬೇಕು. ಬೆಂಗಳೂರಿನವರದು ಮೋಟಾರಿಗೆ ಕರೆಂಟು ಹೋಗುತ್ತಿದ್ದರೆ ಹಸಿರು ದೀಪ, ಇಲ್ಲದಿದ್ದರೆ ಕೆಂಪು. ಜೊತೆಗೆ ಎರಡು ಗುಂಡಿ. ಇಲ್ಲಿ ಕೂತೇ ಪಂಪು ಶುರು ಮಾಡಬಹುದು, ನಿಲ್ಲಿಸಬಹುದು. ಆಳು ಬೇಕಿಲ್ಲ.

ಆಳು ಬೇಕಿಲ್ಲ ಎಂದರೆ ಬೀರಪ್ಪ ಬೇಕಿಲ್ಲ. ಈ ಮಾತನ್ನು ಮ್ಯಾನೇಜರು ಬಾಯಿಬಿಟ್ಟು ಹೇಳಿರಲಿಲ್ಲ, ಕಾಗದದಲ್ಲಿ ಮಾತ್ರ ಬರೆದಿದ್ದರು. ಬೀರಪ್ಪನನ್ನು ಈ ಕೆಲಸಕ್ಕೆ ಕರೆತಂದವನು ಚಿತ್ರಲಿಂಗಪ್ಪನೇ. ಕೊಳವೆ ಹಾಕುವ ಕಾಲದಲ್ಲಿ ಬೀರಪ್ಪ ಏರಿಯ ಮೇಲೆ ಕುರಿ ಮೇಯಿಸಿಕೊಂಡಿದ್ದ. ಒಂದು ಮಧ್ಯಾಹ್ನ ಬಂದು, ನಿಮ್ಮ ಮಿಷಿನ್ನಿನ ಉಸಿರು ನಿನ್ನೆಯಂತಿಲ್ಲ ಎಂದ. ಮೆಕ್ಯಾನಿಕ್ಕುಗಳು ನಕ್ಕರು. ಸಂಜೆಗೆ ಬೇರಿಂಗು ಸುಟ್ಟುಹೋಯಿತು. ಅವತ್ತೇ ಚಿತ್ರಲಿಂಗಪ್ಪ ಅವನನ್ನು ಹಿಡಿದುಕೊಂಡ. ಬೀರಪ್ಪ ಕುರಿಗಳನ್ನು ಮಾಡದಕೆರೆಯ ತಮ್ಮನಿಗೆ ಒಪ್ಪಿಸಿ, ಹೆಂಡತಿ ಕಾಳಕ್ಕನನ್ನು ಕರೆದುಕೊಂಡು ಬಂದು ಪಂಪ್‌ಮನೆಯನ್ನೇ ಮನೆ ಮಾಡಿಕೊಂಡ. ಈಗ ಅವನಿಗೆ ಐವತ್ತು ದಾಟಿದೆ. ಆ ಹಿಂಡು ತಮ್ಮನ ಮಕ್ಕಳದಾಗಿದೆ. ಹತ್ತಿಯ ಧೂಳಿಗೆ ದಮ್ಮು ಕಟ್ಟುವುದರಿಂದ ಮಿಲ್ಲಿನೊಳಗೆ ಅವನು ಅರ್ಧ ದಿನವೂ ನಿಲ್ಲಲಾರ. ಪಂಪ್‌ಮನೆ ಬಿಟ್ಟರೆ ಅವನಿಗೆ ಎಲ್ಲಿಯೂ ಜಾಗ ಇರಲಿಲ್ಲ.

ಚಿತ್ರಲಿಂಗಪ್ಪ ದಯೆ ದಾಕ್ಷಿಣ್ಯದ ಮಾತು ಎತ್ತದೆ ಯಂತ್ರದ ಮಾತನ್ನೇ ಆಡಿದ್ದ. ಕೆರೆಯ ತಳದ ಕವಾಟದಲ್ಲಿ ಕಸ ಸಿಕ್ಕಿ ಗಾಳಿ ಎಳೆದರೆ ಮೋಟಾರು ಓಡುತ್ತಲೇ ಇರುತ್ತದೆ, ನೀರು ಮಾತ್ರ ಬರುವುದಿಲ್ಲ. ಅಂಥ ಹೊತ್ತಿನಲ್ಲಿ ಕೊಡದಿಂದ ನೀರು ಕುಡಿಸಿ ಪಂಪನ್ನು ಮತ್ತೆ ದಾರಿಗೆ ತರುವವನು ಬೀರಪ್ಪ. ಆಗಲೂ ನಿಮ್ಮ ದೀಪ ಹಸಿರಾಗಿಯೇ ಇರುತ್ತದೆ, ಬಾಯ್ಲರು ಒಣಗುತ್ತದೆ ಎಂದು ವಾದಿಸಿದ. ಶಿವಕುಮಾರಪ್ಪನವರು ಕೆಟ್ಟವರೇನಲ್ಲ. ಹಾಗಿದ್ದರೆ ಪರೀಕ್ಷೆ ಮಾಡಿ ತೋರಿಸಿ, ದೀಪ ಸುಳ್ಳು ಹೇಳಿದರೆ ಬೊಂಬಾಯಿಯದನ್ನೇ ತರಿಸೋಣ ಎಂದರು. ಒಂದೇ ಒಂದು ಷರತ್ತು ಹಾಕಿದರು, ತೀರ್ಮಾನ ಆಗುವವರೆಗೆ ಕೆಲಸ ಹೋಗುವ ವಿಷಯ ಕೆಲಸಗಾರರ ಕಿವಿಗೆ ಬೀಳಬಾರದು. ಎಪ್ಪತ್ತಾರನೇ ಇಸವಿ, ಎಮರ್ಜೆನ್ಸಿ. ಯೂನಿಯನ್ನಿನವರೇ ಬಾಯಿ ಹೊಲಿದುಕೊಂಡು ಕೂತಿದ್ದ ಕಾಲ. ಚಿತ್ರಲಿಂಗಪ್ಪ ಒಪ್ಪಿಕೊಂಡ.

ಹಿಂದಿನ ದಿನ ಪಂಪ್‌ಮನೆಗೆ ಹೋಗಿ, ಮೋಟಾರಿನಿಂದ ಮಿಲ್ಲಿನ ದೀಪಕ್ಕೆ ಪರೀಕ್ಷೆಯ ತಂತಿ ಜೋಡಿಸಿ, ಬೀರಪ್ಪನಿಗೆ ಹೇಳಿ ಬಂದಿದ್ದ. ಸರಿಯಾಗಿ ಹನ್ನೊಂದಕ್ಕೆ ಪಂಪು ಗಾಳಿ ಎಳೆಯುವಂತೆ ಗಾಳಿ ತಿರುಪು ಬಿಚ್ಚಬೇಕು, ಆಮೇಲೆ ಅರ್ಧ ಗಂಟೆ ಏನೇ ಆದರೂ ಮುಟ್ಟಬಾರದು. ಬೀರಪ್ಪನಿಗೆ ಅದು ಬಗೆಹರಿಯಲಿಲ್ಲ.

"ಅರ್ಧ ಗಂಟೆ ಒಣಾ ಓಡಿದ್ರೆ ಒಳಗೆಲ್ಲ ಸುಟ್ಟೋಗ್ತತಲ್ರೀ."

"ಸುಡಲ್ಲ. ಸಾಹೇಬ್ರು ನೋಡಬೇಕಂತೆ. ಸುಮ್ನೆ ಕುಂತ್ಕ, ಅಷ್ಟೆ."

ಯಾಕೆ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಮ್ಯಾನೇಜರಿಗೆ ಕೊಟ್ಟ ಮಾತು ಒಂದು ಕಡೆಗಾದರೆ, ನಿನ್ನ ಅನ್ನಕ್ಕೆ ಕುತ್ತು ಬಂದಿದೆ ಎಂದು ಅವನ ಮುಖ ನೋಡಿ ಹೇಳುವ ಧೈರ್ಯ ಇಲ್ಲದ್ದು ಇನ್ನೊಂದು ಕಡೆ. ಎರಡನೆಯದೇ ದೊಡ್ಡ ಕಾರಣ ಎಂದು ಚಿತ್ರಲಿಂಗಪ್ಪನಿಗೆ ಗೊತ್ತಿತ್ತು.

ಮಿಲ್ಲಿನ ಗಂಟೆ ಹನ್ನೊಂದು ಹೊಡೆಯಿತು. ಎರಡು ನಿಮಿಷ ಏನೂ ಆಗಲಿಲ್ಲ. ಆಮೇಲೆ ನೀರಿನ ಧಾರೆ ಸಣ್ಣಗಾಯಿತು, ಇನ್ನೂ ಸಣ್ಣಗಾಗಿ ಕೊಳವೆಯ ತುಟಿಗೆ ಅಂಟಿಕೊಂಡಂತೆ ಇಳಿದು ನಿಂತೇಹೋಯಿತು. ಪೆಟ್ಟಿಗೆಯ ಮೇಲೆ ಹಸಿರು ದೀಪ ಹಾಗೆಯೇ ಉರಿಯುತ್ತಿತ್ತು. ಚಿತ್ರಲಿಂಗಪ್ಪನಿಗೆ ಎದೆಯ ಮೇಲಿನ ಭಾರ ಇಳಿದಂತಾಯಿತು. ಎಂಜಿನಿಯರು ಹಣೆ ಒರೆಸಿಕೊಂಡ. ಶಿವಕುಮಾರಪ್ಪನವರು ದೀಪವನ್ನೂ ಒಣಗಿದ ಕೊಳವೆಯನ್ನೂ ನೋಡಿ, ನೀವು ಹೇಳಿದ್ದು ಸರಿ ಇರುವ ಹಾಗಿದೆ, ಆದರೂ ಅರ್ಧ ಗಂಟೆ ಎಂದಿದ್ದೇವೆ, ಕಾಯೋಣ ಎಂದರು.

ಹನ್ನೊಂದು ಗಂಟೆ ಒಂಬತ್ತು ನಿಮಿಷಕ್ಕೆ ಕೊಳವೆಯೊಳಗೆ ಗೊರಗೊರ ಸದ್ದಾಯಿತು. ಒಂದು ಬೊಗಸೆ ನೀರು ಚಿಮ್ಮಿತು, ಗಾಳಿ ಬುಸ್ಸೆಂದಿತು, ಮತ್ತೆ ಚಿಮ್ಮಿತು. ಆಮೇಲೆ ಮೊದಲಿನಂತೆಯೇ ದಪ್ಪ ಧಾರೆ ಬೀಳತೊಡಗಿತು. ದೀಪ ಈ ನಡುವೆ ಒಮ್ಮೆಯೂ ಕೆಂಪಾಗಲಿಲ್ಲ. ಎಂಜಿನಿಯರಿಗೆ ಹೋದ ಜೀವ ಬಂದಿತು. ಹೊಸ ಪಂಪುಗಳೇ ಹಾಗೆ, ಸಣ್ಣಪುಟ್ಟ ಗಾಳಿಯನ್ನು ತಾವೇ ಉಗುಳಿಕೊಳ್ಳುತ್ತವೆ ಎಂದು ವಿವರಿಸಿದ. ಆ ಪಂಪು ಹನ್ನೆರಡು ವರ್ಷದ ಹಳೆಯದು ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಬೀರಪ್ಪ ಕೈ ಹಾಕಿದ್ದಾನೆ, ಪಂಪು ತಾನಾಗಿ ಸರಿಹೋಗಲು ಸಾಧ್ಯವೇ ಇಲ್ಲ ಎಂದು ಚಿತ್ರಲಿಂಗಪ್ಪ ಹೇಳಿದ. ಇನ್ನೊಂದು ಸಲ ಪರೀಕ್ಷೆ ಮಾಡೋಣ, ನಾನೇ ಅಲ್ಲಿ ಹೋಗಿ ನಿಲ್ಲುತ್ತೇನೆ ಎಂದು ಬೇಡಿಕೊಂಡ. ಎಂಜಿನಿಯರಿಗೆ ಮಧ್ಯಾಹ್ನದ ಬಸ್ಸು ಹಿಡಿಯಬೇಕಿತ್ತು, ಮಾಲೀಕರು ನಾಳೆಯೇ ಕಾಗದಕ್ಕೆ ರುಜು ಹಾಕುವವರಿದ್ದರು. ಶಿವಕುಮಾರಪ್ಪನವರು ಕೈಗಡಿಯಾರ ನೋಡಿಕೊಂಡು ಚಿತ್ರಲಿಂಗಪ್ಪನ ಕಡೆ ತಿರುಗಿದರು.

"ಅವನು ಮುಟ್ಟಿದ್ದು ನಿಜವಾದರೆ ನಿಮ್ಮ ಮಾತೇ ನಿಜ, ಬೊಂಬಾಯಿಯದು ತರಿಸ್ತೀನಿ. ಅಪ್ಪಣೆ ಮೀರಿದ್ದಕ್ಕೆ ಅವನಿಗೆ ಎರಡು ಮಾತು ಹೇಳಿ ಬಿಟ್ಟುಬಿಡ್ತೀನಿ. ಆದರೆ ಅದನ್ನ ಅವನ ಬಾಯಿಂದಲೇ ಕೇಳಬೇಕು, ನಿಮ್ಮ ಬಾಯಿಂದಲ್ಲ. ಏಕಾಂತಪ್ಪ ಬರ್ಕೊಂಡು ಬರ್ಲಿ. ನೀವು ಪಕ್ಕದಲ್ಲಿರಿ, ಮಾತಾಡಬೇಡಿ."

ಇದಕ್ಕಿಂತ ನ್ಯಾಯ ಏನು ಕೇಳುವುದು? ಇಬ್ಬರೂ ಸೈಕಲ್ ಹತ್ತಿದರು. ಬಿಸಿಲು ನೆತ್ತಿಗೇರಿತ್ತು, ಜಾಲಿಯ ಸಾಲಿನ ಆಚೆ ಶೇಂಗಾ ಹೊಲ ಒಣಗಿ ಬಣ್ಣಗೆಟ್ಟಿತ್ತು. ಏಕಾಂತಪ್ಪ ಅರ್ಧ ದಾರಿಯಲ್ಲೇ ಏದುಸಿರು ಬಿಡುತ್ತಾ, ಈ ವಯಸ್ಸಿನಲ್ಲಿ ಇದೇನು ಶಿಕ್ಷೆ ಎಂದು ಗೊಣಗಿದ. ಚಿತ್ರಲಿಂಗಪ್ಪ ಮಾತ್ರ ಹಗುರಾಗಿ ತುಳಿಯುತ್ತಿದ್ದ. ಬೀರಪ್ಪ ಕೈ ಹಾಕಿದ್ದಾನೆ, ಕೇಳಿದರೆ ಹೂಂ ಎನ್ನುತ್ತಾನೆ, ಅಲ್ಲಿಗೆ ಮುಗಿಯಿತು. ಹನ್ನೆರಡು ವರ್ಷದಲ್ಲಿ ಅವನು ಒಂದು ಸುಳ್ಳು ಹೇಳಿದ್ದನ್ನು ಚಿತ್ರಲಿಂಗಪ್ಪ ಕೇಳಿರಲಿಲ್ಲ.

ಪಂಪ್‌ಮನೆಯ ಬಾಗಿಲಲ್ಲಿ ಬೀರಪ್ಪ ಎದ್ದು ನಿಂತ. ಪಂಪಿನ ಕೆಳಗಿನ ನೆಲ ಒದ್ದೆಯಾಗಿತ್ತು, ಪಕ್ಕದಲ್ಲಿ ಕೊಡ ಬೋರಲು ಬಿದ್ದಿತ್ತು. ಚಿತ್ರಲಿಂಗಪ್ಪ ಅದನ್ನು ನೋಡಿದ. ಏಕಾಂತಪ್ಪ ನೋಡಲಿಲ್ಲ, ನೋಡಿದ್ದರೂ ಅವನಿಗೆ ಅದು ಬರೀ ಕೊಡವೇ. ಅವನು ಕಾಳಕ್ಕ ಕೊಟ್ಟ ಮಜ್ಜಿಗೆ ಕುಡಿದು, ಬಾಯಿ ಒರೆಸಿಕೊಂಡು, ತೊಡೆಯ ಮೇಲೆ ಪುಸ್ತಕ ಬಿಚ್ಚಿ ಕೋರ್ಟಿನ ಧಾಟಿಯಲ್ಲಿ ಕೇಳಿದ.

"ನೋಡಪ್ಪ, ಮ್ಯಾನೇಜರ್ ಸಾಹೇಬ್ರು ಕೇಳಿ ಕಳ್ಸ್ಯಾರೆ. ಫೋರ್‌ಮನ್ರು ನಿಂಗೆ ಮುಟ್‌ಬ್ಯಾಡ ಅಂತ ಹೇಳಿದ್ರೋ ಇಲ್ಲೋ?"

"ಹೇಳಿದ್ರು ಸ್ವಾಮಿ."

"ಹೇಳಿದ ಮ್ಯಾಲೂ ನೀನು ಮುಟ್ಟಿದ್ಯೋ?"

ಬೀರಪ್ಪ ಚಿತ್ರಲಿಂಗಪ್ಪನ ಮುಖ ನೋಡಿದ. ಚಿತ್ರಲಿಂಗಪ್ಪ ಕಣ್ಣಲ್ಲೇ ಹೂಂ ಎನ್ನು, ಹೂಂ ಎನ್ನು ಎಂದು ಗೋಗರೆಯುತ್ತಿದ್ದ. ಆದರೆ ಆ ಕಣ್ಣಲ್ಲಿ ಬೀರಪ್ಪನಿಗೆ ಕಂಡದ್ದು ಬೇರೆ. ದೊಡ್ಡವರ ಮುಂದೆ ತನ್ನಿಂದಾಗಿ ಮಾತು ಕಳೆದುಕೊಂಡು, ಹೆದರಿ ಬಂದಿರುವ ಫೋರ್‌ಮನ್ನು ಕಂಡ.

"ಇಲ್ಲ. ಮುಟ್ಟಿಲ್ಲ. ಅವ್ರು ಹೇಳಿದ್ಮ್ಯಾಲೆ ನಾನ್ಯಾಕೆ ಮುಟ್ಲಿ?"

"ಬೀರಪ್ಪ, ನಿಜ ಹೇಳು" ಎಂದ ಚಿತ್ರಲಿಂಗಪ್ಪ. ಅವನ ದನಿ ಜೋರಾಯಿತು. ಅದು ಗದರಿಕೆಯಂತೆ ಕೇಳಿಸಿತು.

"ನಿಜಾನೇ ಕಣ್ರಿ. ಬೀರೇದೇವ್ರಾಣೆ, ಕುಂತ ಜಾಗದಿಂದ ಎದ್ದಿಲ್ಲ. ಅದು ತಾನಾಗೇ ಸರಿಹೋತು."

ಏಕಾಂತಪ್ಪ ಅದನ್ನು ಅಕ್ಷರ ಬಿಡದೆ ಬರೆದುಕೊಂಡು, ಶಾಯಿಯ ಡಬ್ಬಿ ಮುಂದೆ ಹಿಡಿದ. ಚಿತ್ರಲಿಂಗಪ್ಪ ಇನ್ನೂ ಏನೋ ಹೇಳಲು ಹೋದ. ನೀವು ಮಾತಾಡಬಾರದು ಎಂದು ಸಾಹೇಬರ ಮಾತಾಗಿದೆ ಎಂದು ಗುಮಾಸ್ತ ತಡೆದ. ಬೀರಪ್ಪ ಹೆಬ್ಬೆಟ್ಟನ್ನು ಪಂಚೆಗೆ ಚೆನ್ನಾಗಿ ಒರೆಸಿ, ಶಾಯಿಗೆ ಅದ್ದಿ, ಕಾಗದದ ಮೇಲೆ ಗಟ್ಟಿಯಾಗಿ ಒತ್ತಿದ. ದೇವರ ಆಣೆಯನ್ನೂ ಬರೆದುಕೊಂಡಿದ್ದೇನೆ ಎಂದು ಏಕಾಂತಪ್ಪ ಹೆಮ್ಮೆಯಿಂದ ಹೇಳಿ ಸೈಕಲ್ ಹತ್ತಿದ.

ಗುಮಾಸ್ತ ಜಾಲಿಯ ತಿರುವು ದಾಟುವವರೆಗೆ ಬೀರಪ್ಪ ದಾರಿಯನ್ನೇ ನೋಡಿದ. ಆಮೇಲೆ ಹತ್ತಿರ ಬಂದ.

"ತಪ್ಪು ಮಾಡ್ಬಿಟ್ಟೆ ಕಣ್ರಿ. ತಡಕಳಕ್ಕಾಗ್ಲಿಲ್ಲ. ಪಂಪು ಗಂಟ್ಲು ಒಣಗಿ ಅರಚಾಕೆ ಹತ್ತಿತ್ತು. ಹೊರಗೆ ಹೋಗಿ ಕುಂತೆ, ಅಲ್ಲಿಗೂ ಕೇಳ್ತು. ಇವ್ಳು ಬ್ಯಾಡ ಅಂದ್ಳು. ಆದ್ರೂ ತಿರುಪು ಬಿಗ್ಸಿ ಎರ್ಡು ಕೊಡ ಕುಡಿಸ್ದೆ. ಮೋಟ್ರು ಮಾತ್ರ ನಿಲ್ಸಲಿಲ್ಲ, ನಿಮ್ ದೀಪ್ಕೆ ಗೊತ್ತಾಗ್ಬಾರ್ದು ಅಂತ. ಗೊತ್ತಾತೇನ್ರಿ?"

ಓಡುವ ಪಂಪಿಗೆ ನಿಲ್ಲಿಸದೆ ನೀರು ಕುಡಿಸುವುದು ಇಡೀ ಮಿಲ್ಲಿನಲ್ಲಿ ಅವನೊಬ್ಬನಿಗೆ ಬರುತ್ತಿದ್ದ ಕೈಚಳಕ. ಗೊತ್ತಾಗಲಿಲ್ಲ ಎಂದ ಚಿತ್ರಲಿಂಗಪ್ಪ. ಬೀರಪ್ಪ ಹಗುರಾಗಿ ಉಸಿರು ಬಿಟ್ಟ. ನಿಮ್ಮ ಮಾತು ಉಳೀತಲ್ಲ, ಅಷ್ಟು ಸಾಕು ಎಂದ. ಈಗಲಾದರೂ ಹೇಳಿಬಿಡಬಹುದಿತ್ತು. ಹೇಳಿದರೆ ಬೀರಪ್ಪ ಮಿಲ್ಲಿಗೆ ಓಡುತ್ತಾನೆ, ದೇವರ ಆಣೆ ಹಾಕಿ ಹೆಬ್ಬೆಟ್ಟು ಒತ್ತಿದವನು ಒಂದೇ ಗಂಟೆಯಲ್ಲಿ ಬೇರೆ ಮಾತಾಡುತ್ತಾನೆ, ಫೋರ್‌ಮನ್ ಕಲಿಸಿ ಕಳುಹಿಸಿದ ಎನ್ನುತ್ತಾರೆ. ಆದರೂ ಚಿತ್ರಲಿಂಗಪ್ಪ ಸಂಜೆ ತಾನೇ ಮ್ಯಾನೇಜರ ಮುಂದೆ ಹೋಗಿ ನಡೆದದ್ದನ್ನೆಲ್ಲ ಹೇಳಿದ. ಶಿವಕುಮಾರಪ್ಪನವರು ಪುಸ್ತಕ ಅವನ ಕಡೆಗೆ ತಿರುಗಿಸಿ ಹೆಬ್ಬೆಟ್ಟಿನ ಗುರುತು ತೋರಿಸಿದರು. ಇದು ಸುಳ್ಳಾದರೆ ಸುಳ್ಳು ಹೇಳಿಕೆಗಾಗಿ ಅವನನ್ನು ಇವತ್ತೇ ತೆಗೆಯಬೇಕಾಗುತ್ತದೆ, ನಿಜವಾದರೆ ತಿಂಗಳ ಕೊನೆಗೆ ಗೌರವವಾಗಿ ಹೋಗುತ್ತಾನೆ, ಯಾವುದು ಬೇಕು ನೀವೇ ಹೇಳಿ ಎಂದು ಮೆಲ್ಲಗೆ ಕೇಳಿದರು. ಚಿತ್ರಲಿಂಗಪ್ಪ ಹೇಳಿಕೆಯ ಕೆಳಗೆ ಸಾಕ್ಷಿಯಾಗಿ ರುಜು ಹಾಕಿ ಎದ್ದು ಬಂದ.

ಹತ್ತನೆಯ ದಿನ ದೀಪದ ಯಂತ್ರದ ಇನ್ನೊಂದು ತುದಿಯ ಪೆಟ್ಟಿಗೆಯನ್ನು ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಚಿತ್ರಲಿಂಗಪ್ಪ ಪಂಪ್‌ಮನೆಗೆ ಬಂದ. ಕರೆತಂದವರು ನೀವೇ, ನೀವೇ ಕೊಡಿ ಎಂದು ಮ್ಯಾನೇಜರು ಕೊಟ್ಟಿದ್ದ, ಬೀರಪ್ಪನನ್ನು ಕೆಲಸದಿಂದ ಬಿಡಿಸುವ ಕಾಗದ ಅವನ ಅಂಗಿಯ ಜೇಬಿನಲ್ಲಿತ್ತು. ಬರುವ ದಾರಿಯಲ್ಲೆಲ್ಲ ಅದನ್ನು ಹೇಗೆ ಕೊಡುವುದೆಂದು ಯೋಚಿಸಿದ್ದ. ಬಂದು ಅರ್ಧ ಗಂಟೆಯಾದರೂ ಕೈ ಜೇಬಿಗೆ ಹೋಗಲಿಲ್ಲ.

ಬೀರಪ್ಪ ಪೆಟ್ಟಿಗೆಯ ಸುತ್ತ ಎರಡು ಸಲ ತಿರುಗಿ ನೋಡಿದ. ಇದಕ್ಕೆ ನೀರು ತಾಗಿದರೆ ಏನಾಗುತ್ತದೆ ಎಂದು ಕೇಳಿದ. ಕೆಡುತ್ತದೆ ಎಂದ ಚಿತ್ರಲಿಂಗಪ್ಪ. ಜೊತೆಗೆ ಬಂದಿದ್ದ ಫಿಟ್ಟರ್ ಮೂರ್ತಪ್ಪ ಆಗಲೇ ಬಾಗಿಲ ಪಕ್ಕದ ಗೋಡೆಗೆ ಗುರುತು ಹಾಕುತ್ತಿದ್ದ. ಬೀರಪ್ಪ ಹೋಗಿ ಅವನ ಕೈ ಹಿಡಿದ.

"ಅಲ್ಲಿ ಬ್ಯಾಡ್ರಿ. ಮಳೆಗಾಲ್ದಾಗೆ ಈ ಮೂರೂ ಗೋಡೆ ಥಂಡಿ ಹಿಡೀತವೆ. ಒಣಗಿರೋದು ಅದೊಂದೇ."

ಅವನು ತೋರಿಸಿದ್ದು ಒಳಮೂಲೆಯ ಗೋಡೆ. ಅಲ್ಲಿ ಗಂಡಹೆಂಡತಿಯ ಮಂಚ ಇತ್ತು, ಮಂಚದ ಮೇಲೆ ಕಾಳಕ್ಕನ ಸೀರೆಯ ಗಂಟು, ಕೆಳಗೆ ರಾಗಿಯ ಡಬ್ಬಿ. ಚಿತ್ರಲಿಂಗಪ್ಪ ಬೇಡ, ಎಲ್ಲಾದರೂ ಆಗುತ್ತದೆ ಎಂದ. ಬೀರಪ್ಪ ಕೇಳಲಿಲ್ಲ. ಕಾಳಕ್ಕ ಗಂಟು ಎತ್ತಿಕೊಂಡಳು, ರಾಗಿಯ ಡಬ್ಬಿಯನ್ನು ಕಾಲಲ್ಲಿ ಸರಿಸಿದಳು. ಬೀರಪ್ಪ ಮಂಚದ ಕಾಲಿನ ಕಡೆ ಬಗ್ಗಿ ನಿಂತ.

"ಆ ಕಡೆ ಒಂಚೂರು ಹಿಡ್ಕಳ್ರಿ."

ಚಿತ್ರಲಿಂಗಪ್ಪ ತಲೆಯ ಕಡೆ ಹಿಡಿದ. ಬಗ್ಗಿದಾಗ ಜೇಬಿನ ಕಾಗದ ಮೇಲಕ್ಕೆ ಜಾರಿ ಇಣುಕಿತು, ಎರಡು ಕೈಯಲ್ಲೂ ಮಂಚ ಇದ್ದದ್ದರಿಂದ ಅವನು ಅದನ್ನು ಗದ್ದದಲ್ಲೇ ಒಳಗೆ ನೂಕಿಕೊಂಡ. ಇಬ್ಬರೂ ಮಂಚವನ್ನು ಥಂಡಿಯ ಗೋಡೆಗೆ ತಂದು ಇಟ್ಟರು. ಬೀರಪ್ಪ ಹಿಂದಿರುಗಿ, ಖಾಲಿಯಾದ ಒಣ ಗೋಡೆಯನ್ನು ಅಂಗೈಯಿಂದ ಮೇಲಿನಿಂದ ಕೆಳಗಿನವರೆಗೆ ಒರೆಸತೊಡಗಿದ.